ಕೂರದ ಅಳಿಯ

ರಾಮನಗರ
೧೨-೧೧-೨೦೦೬, ಭಾನುವಾರ

ಪ್ರೀತಿಯ ಭಾನುವಿಗೆ,

ನಿನ್ನ ಮನೋಹರ್ ಬರೆಯುತ್ತಿರುವುದು. ‘ನಾನಿಲ್ಲಿ ಕ್ಷೇಮ’ ಎಂದು ಬರೆದು ಗೀಟೆಳೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ನೀನು, ನಮ್ಮ ಮಗಳು, ಅತ್ತೆ, ಮಾವ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳು ಬಂದವು, ಎರಡಕ್ಕೂ ಉತ್ತರ ಬರೆಯಲಿಲ್ಲ. ಕೋಪ ಬಂದಿರುತ್ತದೆ. ಬರಲಿ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ. ನಿಮ್ಮೂರಿನ ಮುನಿಶಾಮಯ್ಯನ ಅಂಗಡಿಗೆ ಫೋನ್ ಮಾಡಿ ಹೇಳಬಹುದಿತ್ತು. ಆದರೆ ಆ ಅಂಗಡಿಯ ಫೋನಿನಲ್ಲಿ ಆಡಿದ ಮಾತು ನಿನ್ನ ಕಿವಿಗೆ ಬೀಳುವ ಮೊದಲೇ ಅರ್ಧ ತಿಪ್ಪಸಂದ್ರಕ್ಕೆ ಗೊತ್ತಾಗಿರುತ್ತದೆ. ಇದು ಊರಿಗೆಲ್ಲ ಹಂಚುವ ವಿಷಯವಲ್ಲ. ಓದುವಾಗ ಪಕ್ಕದಲ್ಲಿ ಯಾರೂ ಇರಬಾರದು. ಅತ್ತೆ “ಏನ್ ಬರ್ದವ್ರೆ?” ಎಂದು ಕೇಳಿದರೆ ಡ್ಯೂಟಿ ಜಾಸ್ತಿಯಂತೆ ಎಂದುಬಿಡು.

ಹದಿನೈದು ದಿನದ ಹಿಂದೆ ಮಾವ ಬಿಡದಿಗೆ ಬಂದು, ನಾನು ಬಸ್ಸು ನಿಲ್ಲಿಸುವ ಫ್ಯಾಕ್ಟರಿ ಗೇಟಿನ ಹತ್ತಿರ ಕಾದಿದ್ದರು. ಮನೆಗೆ ಹಿಂದಿರುಗಿ ಏನು ಹೇಳಿರುತ್ತಾರೆಂದು ನಾನು ಊಹಿಸಬಲ್ಲೆ. ಕೈಯಲ್ಲಿ ಕ್ಯಾರಿಯರ್ ಇತ್ತು. ಅತ್ತೆ ನಾಟಿಕೋಳಿ ಸಾರು, ಮುದ್ದೆ ಮಾಡಿ ಕಳಿಸಿದ್ದರು. ಹೊಂಗೆ ಮರದ ಕೆಳಗೆ ಟವೆಲು ಹಾಸಿ, “ಬನ್ನಿ ಅಳಿಯಂದ್ರೇ, ಕೂತ್ಕಳಿ. ಜೊತೇಲಿ ಉಂಡು ಎಷ್ಟು ದಿನ ಆಯ್ತು” ಎಂದರು. ನಾನು ಕೂರಲಿಲ್ಲ. “ಇರ್ಲಿ ಮಾವ, ನಿಂತೇ ಇರ್ತೀನಿ” ಎಂದೆ. ಮತ್ತೆ ಕರೆದರು. ಮತ್ತೆ ಅದನ್ನೇ ಹೇಳಿದೆ. ಆ ಸಾರಿನ ಖಾರ ನೆನೆದೇ ಜೀವ ಹಾರಿಹೋಗಿ, ಊಟವೂ ಬೇಡ ಎಂದೆ. ಹೆಣ್ಣು ಕೊಟ್ಟ ಮಾವ ಉಣ್ಣಲು ಕರೆದಾಗ ಅಳಿಯ ಕೂರದೆ ನಿಂತರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ನಾಲ್ಕು ಜನರನ್ನು ಕೂರಿಸಿ ಸಂಬಂಧ ಬೇಡ ಎಂದು ಹೇಳಿದ್ದರೂ ಅವರಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

“ಹೆಣ್ಮಗ ಆಯ್ತು ಅಂತ ಬೇಜಾರಾ? ಹಂಗಿದ್ರೆ ಬಾಯ್ಬುಟ್ಟು ಹೇಳ್ಬುಡಿ. ಮೂರು ತಿಂಗಳಾಯ್ತಾ ಬಂತು, ಮಗೀನ ಮಖ ನೋಡಕ್ಕೂ ಬರ್ನಿಲ್ವಲ್ಲ ನೀವು” ಎಂದರು.

ನಾನು “ಇಲ್ಲ ಮಾವ” ಎಂದೆ. ಅವರು ಕ್ಯಾರಿಯರಿನ ಮುಚ್ಚಳವನ್ನೂ ತೆಗೆಯದೆ ಬಸ್ಸು ಹತ್ತಿದರು.

ಈಗ ಹೇಳುತ್ತೇನೆ ಕೇಳು. ನಾನು ಕೂರಲಿಲ್ಲ, ಯಾಕೆಂದರೆ ನನಗೆ ಕೂರಲು ಆಗುತ್ತಿರಲಿಲ್ಲ. ವಿಷಯ ಇಷ್ಟೇ ಕಣೇ. ಮಲ ಹೋಗುವ ಜಾಗದಲ್ಲಿ ನನಗೆ ಗಾಯವಾಗಿದೆ. ಡಾಕ್ಟರು ಅದನ್ನು ಫಿಶರ್ ಅನ್ನುತ್ತಾರೆ. ಅಂತೂ ಬರೆದೆ. ಇದನ್ನು ಬರೆಯುವ ಮೊದಲು ಎರಡು ಹಾಳೆ ಹರಿದು ಬಿಸಾಡಿದ್ದೇನೆ. ನಗು ಬಂದರೆ ನಕ್ಕುಬಿಡು, ನಾನೇನೂ ಅಂದುಕೊಳ್ಳುವುದಿಲ್ಲ. ಗೆಳೆಯರ ಹತ್ತಿರ ಹೇಳಲು ಕೈಮುರಿತ, ಕಾಲುಮುರಿತ ಎಂದು ಎಷ್ಟೊಂದು ಗೌರವಸ್ಥ ಕಾಯಿಲೆಗಳಿವೆ. ನನ್ನ ಪಾಲಿಗೆ ಬಂದದ್ದು ಇದು.

ಇದು ಯುಗಾದಿಯ ಆಸುಪಾಸಿನಲ್ಲಿ ಶುರುವಾದದ್ದು. ನೀನು ಬಸುರಿ, ನಿನ್ನನ್ನು ಯಾಕೆ ಹೆದರಿಸುವುದೆಂದು ಬಾಯಿ ಬಿಡಲಿಲ್ಲ. ಬೆಳಗಿನ ಶಿಫ್ಟಿನವರನ್ನು ತುಂಬಿಕೊಂಡು ಹೊರಟರೆ ನಡುವೆ ಬಸ್ಸು ನಿಲ್ಲಿಸಿ ಇಳಿಯಲಾಗುವುದಿಲ್ಲ ಎಂದು ನಾನು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ನಮ್ಮ ಡ್ರೈವರುಗಳೆಲ್ಲ ಮಾಡುವುದು ಹೀಗೇ, ಅದನ್ನೊಂದು ಜಾಣತನ ಎಂದುಕೊಂಡಿದ್ದೇವೆ. ಬೆಳಿಗ್ಗೆ ಬನ್ನು, ಟೀ. ಮಧ್ಯಾಹ್ನ ಕ್ಯಾಂಟೀನಿನ ಬಿಳೀ ಅನ್ನ. ಮುದ್ದೆ, ಸೊಪ್ಪು ಕಂಡು ಯಾವ ಕಾಲವಾಯಿತೋ. ಒಂದು ಬೆಳಿಗ್ಗೆ ಒಳಗಿಂದ ಗಾಜಿನ ಚೂರು ಬಂದ ಹಾಗಾಯಿತು. ಆಮೇಲೆ ಹೋಗಲು ಭಯ. ಭಯಕ್ಕೆ ತಡೆದುಕೊಳ್ಳುವುದು, ತಡೆದದ್ದಕ್ಕೆ ಇನ್ನಷ್ಟು ಗಟ್ಟಿಯಾಗುವುದು, ಅದಕ್ಕೆ ಊಟ ಕಡಿಮೆ ಮಾಡುವುದು. ಹೀಗೆ ನಾನೇ ನನಗೆ ಬಲೆ ಹೆಣೆದುಕೊಂಡೆ.

ಈ ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಕಕ್ಕಸು. ನಾನು ಒಳಗೆ ಬಾಯಿಗೆ ಟವೆಲು ತುರುಕಿಕೊಂಡು ಕೂತಿದ್ದರೆ ಹೊರಗೆ ಚೊಂಬು ಹಿಡಿದವರು, “ಏನ್ ಡ್ರೈವರ್ರೇ, ಒಳಗೇ ಮನೆ ಮಾಡ್ಬುಟ್ರಾ?” ಎಂದು ಬಾಗಿಲು ಬಡಿಯುತ್ತಿದ್ದರು. ಅಲ್ಲಿಂದ ಎದ್ದ ಮೇಲೂ ಉರಿ ಮಧ್ಯಾಹ್ನದವರೆಗೆ ಇಳಿಯುತ್ತಿರಲಿಲ್ಲ. ಆ ಉರಿಯಲ್ಲೇ ಸ್ಟೀರಿಂಗ್ ಹಿಡಿಯಬೇಕು. ಫ್ಯಾಕ್ಟರಿಗಳು ಬಂದ ಮೇಲೆ ರಸ್ತೆಯಲ್ಲಿ ಎಷ್ಟು ಹಂಪು ಹಾಕಿದ್ದಾರೆ ಎಂದು ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು. ಸ್ಕೂಟರಿನ ಟ್ಯೂಬಿಗೆ ಒಸಿ ಗಾಳಿ ಹೊಡೆಸಿ ಸೀಟಿನ ಮೇಲಿಟ್ಟುಕೊಂಡೆ. ಬಸ್ಸಿನ ಹುಡುಗಿಯರು ಡ್ರೈವರಣ್ಣನಿಗೆ ಸಿಂಹಾಸನ ಬಂತು ಎಂದು ನಕ್ಕರು. ನಾನೂ ನಕ್ಕೆ.

ಬಸ್ ಸ್ಟ್ಯಾಂಡಿನ ಹಿಂದೆ ಬೋರ್ಡು ಹಾಕಿಕೊಂಡಿರುವ ಒಬ್ಬನ ಹತ್ತಿರ ಪುಡಿ ತೆಗೆದುಕೊಂಡೆ. ಅವನು ನೋಡಲೂ ಇಲ್ಲ, ಮುಟ್ಟಲೂ ಇಲ್ಲ, ಮೂಲವ್ಯಾಧಿ ಎಂದುಬಿಟ್ಟ. ಆ ಜಾಗದಲ್ಲಿ ಏನಾದರೂ ನಮ್ಮ ಜನಕ್ಕೆ ಮೂಲವ್ಯಾಧಿ, ಅದಕ್ಕೆ ಕಾರಣ ಉಷ್ಣ, ಅಲ್ಲಿಗೆ ಮುಗಿಯಿತು. ನಾಲ್ಕು ದಿನ ಪುಡಿ ತಿಂದು ಹೊಟ್ಟೆ ಕಿತ್ತುಕೊಂಡು ಹೋಯಿತು, ಐದನೇ ದಿನ ಮೊದಲಿಗಿಂತ ಕಡೆಯಾದೆ.

ತಿಪ್ಪಸಂದ್ರಕ್ಕೆ ಬರಲು ಎಷ್ಟು ಸಲ ಹೊರಟಿದ್ದೆನೋ. ನಿಮ್ಮ ಹಿತ್ತಿಲಿನ ಕಕ್ಕಸು ಕಣ್ಣಮುಂದೆ ಬರುತ್ತಿತ್ತು. ಮಾವ ಗೋಡೆ ಎಬ್ಬಿಸಿ, ಬಾಗಿಲಿಗೆ ಗೋಣಿಚೀಲ ಕಟ್ಟಿ ಬಿಟ್ಟಿದ್ದಾರಲ್ಲ, ಅದರೊಳಗೆ ಕೂತು ನಾನು ನರಳಿದರೆ ಇಡೀ ಕೇರಿ ಬಂದು ಯಾರಿಗೆ ಹೆರಿಗೆ ಎಂದು ಕೇಳುತ್ತಿತ್ತು. ಅದಕ್ಕೇ ಹೊರಟವನು ಮತ್ತೆ ಚಪ್ಪಲಿ ಬಿಚ್ಚುತ್ತಿದ್ದೆ.

ಕೊನೆಗೆ ನನ್ನ ಗುಟ್ಟು ಹಿಡಿದವನು ಅನಂತರಾಜು. ಇನ್ನೊಂದು ಬಸ್ಸು ಓಡಿಸುತ್ತಾನಲ್ಲ, ನಮ್ಮ ಮದುವೆಯಲ್ಲಿ ಬಡಿಸುತ್ತಾ ಪಾಯಸದ ಬಕೆಟ್ಟು ಉರುಳಿಸಿದನಲ್ಲ, ಅವನೇ. ಟ್ಯೂಬು ನೋಡಿದವನು ನಗಲಿಲ್ಲ. “ಲೇ, ನಿಂಗೂ ಅದೇನೇನ್ಲಾ?” ಎಂದ. ಎರಡು ವರ್ಷದ ಹಿಂದೆ ಅವನು ಅಪೆಂಡಿಕ್ಸ್ ಎಂದು ಹೇಳಿ ರಜೆ ಹಾಕಿದ್ದು ಇದೇ ಆಪರೇಷನ್ನಿಗಂತೆ. ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನೇ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಒಳಗೆ ಹೋದರೆ ಹೆಂಗಸು. ಸುಚಿತ್ರಾ ಎಂದು ಹೆಸರು, ಅಕ್ಕನ ವಯಸ್ಸು. ನಾನು ತಿರುಗಿ ಹೊರಡುತ್ತಿದ್ದೆ. ಅವರು ತಲೆ ಎತ್ತದೆಯೇ, “ನಾಚಿಕೆ ಪಟ್ಕೊಳ್ಳೋದಾದ್ರೆ ಬೇಗ ಪಟ್ಕೊಂಡ್ಬಿಡಿ, ಹೊರಗೆ ಇನ್ನೂ ಜನ ಇದ್ದಾರೆ” ಎಂದರು. ಪರೀಕ್ಷೆ ಮಾಡಿ, ಇದು ಪೈಲ್ಸ್ ಅಲ್ಲ ಎಂದರು. ಚಳಿಗಾಲದಲ್ಲಿ ತುಟಿ ಒಡೆಯುವ ಹಾಗೆ ಅಲ್ಲಿ ಸೀಳಿದೆ. ನೋವಿಗೆ ಒಳಗಿನ ಸ್ನಾಯು ಬಿಗಿಯುತ್ತದೆ, ಬಿಗಿದರೆ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಗಾಯ ಮಾಯುವುದಿಲ್ಲ. ಒಂದು ಮುಲಾಮು ಕೊಟ್ಟು, ನೀರು, ಸೊಪ್ಪು, ಮುದ್ದೆ, ದಿನಾ ಬಿಸಿನೀರಿನಲ್ಲಿ ಕೂರುವುದು ಎಂದು ಹೇಳಿ ಕಳಿಸಿದರು.

ಇಲ್ಲಿ ನಿನಗೊಂದು ವಿಷಯ ಒಪ್ಪಿಸಬೇಕು. ಮಗಳಿಗೆ ನೀರು ಹಾಕಲೆಂದು ತಂದಿಟ್ಟಿದ್ದ ಗುಲಾಬಿ ಬಣ್ಣದ ಟಬ್ಬನ್ನು ನಾನೇ ಉದ್ಘಾಟನೆ ಮಾಡಿದ್ದೇನೆ. ಅದನ್ನು ತೊಳೆದು ಬಿಸಿಲಿಗಿಟ್ಟದ್ದನ್ನು ಪಕ್ಕದ ಮನೆಯ ತಾಹೇರಾ ಅಕ್ಕ ನೋಡಿ, “ಮಗು ಬಂತಾ ಮನೋಹರಣ್ಣಾ? ಹೇಳಲೇ ಇಲ್ಲ!” ಎಂದು ಓಡಿ ಬಂದರು. ಅಕ್ಕಿ ನೆನೆಹಾಕಿದ್ದೆ ಎಂದೆ. ಅಂದಿನಿಂದ ನನ್ನನ್ನು ಒಂಥರಾ ನೋಡುತ್ತಾರೆ. ಮಗಳಿಗೆ ಬೇರೆ ಟಬ್ಬು ತರುತ್ತೇನೆ.

ಮುಲಾಮು ಹಚ್ಚಿದರೆ ಹಣೆ ಸಿಡಿಯುವಂಥ ತಲೆನೋವು ಬರುತ್ತಿತ್ತು. ಆದರೂ ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಮುಕ್ಕಾಲು ವಾಸಿ ಎಂದುಕೊಂಡು ನಿನ್ನ ಹತ್ತಿರ ಬರಲು ಬಟ್ಟೆಯನ್ನೂ ಇಸ್ತ್ರಿ ಮಾಡಿಸಿದ್ದೆ. ಅಷ್ಟರಲ್ಲಿ ಕಂಪನಿಯವರು ಟ್ರಿಪ್ಪಿಗೆ ಕಳಿಸಿದರು. ಎರಡು ದಿನ ಸೀಟು ಬಿಟ್ಟು ಏಳಲಿಲ್ಲ, ಗಾಯ ಮತ್ತೆ ಬಾಯಿ ಬಿಟ್ಟಿತು. ಮಾವ ಬಂದದ್ದು ಅದೇ ವಾರ. ನನ್ನ ಗ್ರಹಚಾರ ನೋಡು.

ಈಗ ಡಾಕ್ಟರು ಆಪರೇಷನ್ನೇ ಒಳ್ಳೆಯದು ಅನ್ನುತ್ತಾರೆ. ಬಿಗಿದಿರುವ ಸ್ನಾಯುವನ್ನು ಒಂದು ಕಡೆ ಚೂರು ಕೊಯ್ದು ಸಡಿಲ ಮಾಡುತ್ತಾರಂತೆ. ಮಾರನೇ ದಿನ ಮನೆಗೆ. ಬಹಳ ಜನರಿಗೆ ಪೂರ್ತಿ ವಾಸಿಯಾಗುತ್ತದಂತೆ. ಏನೂ ತೊಂದರೆ ಇಲ್ಲವಾ ಎಂದು ಕೇಳಿದೆ. “ಗಾಳಿ ತಡೆಯೋದು ಕೆಲವರಿಗೆ ಸ್ವಲ್ಪ ದಿನ ಕಷ್ಟ ಆಗುತ್ತೆ. ತೀರಾ ಅಪರೂಪಕ್ಕೆ ಹಿಡಿತ ಕಡಿಮೆಯಾಗಿ ಹಾಗೇ ಉಳೀಬಹುದು. ಆಗೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಯೋಚನೆ ಮಾಡಿ ಬನ್ನಿ” ಎಂದರು.

ಯೋಚನೆ ಮಾಡಿದೆ. ನಿನಗೆ ಬಾಣಂತನ, ಮಗು ಹಾಸಿಗೆ ಒದ್ದೆ ಮಾಡುತ್ತದೆ, ಪಕ್ಕದಲ್ಲಿ ಗಂಡನದ್ದೂ ಅದೇ ಗತಿಯಾದರೆ ನೀನು ಯಾರ ಬಟ್ಟೆ ಒಗೆಯುತ್ತೀಯೆ? ಬಸ್ಸಿನ ತುಂಬ ಹೆಣ್ಣುಮಕ್ಕಳು, ಅಲ್ಲೇ ಸದ್ದಾಗಿಬಿಟ್ಟರೆ? ಇದನ್ನು ಅನಂತರಾಜುವಿಗೆ ಹೇಳಿದೆ. “ನಿನ್ ಬಸ್ಸು ಅಷ್ಟು ಸದ್ದು ಮಾಡ್ತದೆ, ಅದ್ರಾಗೆ ನಿಂದ್ಯಾವ ಲೆಕ್ಕ ಕಣ್ಲಾ” ಎಂದ. ಆಮೇಲೆ ಬಿಸಿಲಿಗೆ ಕಾದಿದ್ದ ಮೋರಿಕಟ್ಟೆಯ ಮೇಲೆ ಕಾಲು ಮಡಚಿ ಕೂತು, “ನೋಡ್ಕೊ ಒಸಿ. ಕಲ್ಲಿನ್ ಮ್ಯಾಲೆ ಕೂತಿವ್ನಿ. ಮೊದಲ್ನೇ ವಾರ ಗಾಳಿ ಒಸಿ ಆಟ ಆಡಸ್ತು, ಆಮ್ಯಾಕೆ ಎಲ್ಲಾ ಸರಿ ಹೋಯ್ತು” ಎಂದ. ಕೂತುಕೊಂಡೇ ಒಂದು ಟೀ ಕುಡಿದ. ಭಾನು, ಒಬ್ಬ ಗಂಡಸು ಕಲ್ಲಿನ ಮೇಲೆ ಕೂತು ಟೀ ಕುಡಿಯುವುದನ್ನು ನಾನು ಅಷ್ಟು ಹೊಟ್ಟೆಕಿಚ್ಚಿನಿಂದ ನೋಡಿರಲಿಲ್ಲ.

ಮಾಡಿಸಿಕೊಳ್ಳುತ್ತೇನೆ. ಬರುವ ಗುರುವಾರ. ಅನಂತರಾಜು ಜೊತೆಗಿರುತ್ತಾನೆ, ನೀನು ಹಸುಗೂಸು ಎತ್ತಿಕೊಂಡು ಓಡಿ ಬರಬೇಡ. ಧನುರ್ಮಾಸ ಹಿಡಿಯುವ ಮುಂಚೆ ನಾಮಕರಣ ಆಗಬೇಕೆಂದು ಅತ್ತೆ ಅನ್ನುತ್ತಿದ್ದಾರೆಂದು ಬರೆದಿದ್ದೆಯಲ್ಲ, ಡಿಸೆಂಬರ್ ಮೊದಲ ವಾರದಲ್ಲೇ ದಿನ ನೋಡಿಸಲು ಹೇಳು. ಮಾವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಮಗಳನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತೇನೆ. ಅವರಿಗೆ ನಿಜ ಹೇಳುವ ಕೆಲಸ ನಿನ್ನದು. ಹೇಗಾದರೂ ಹೇಳು, ಆದರೆ ಹೆಣ್ಣು ಹುಟ್ಟಿತೆಂದು ಅಳಿಯ ಮುಖ ತಿರುಗಿಸಿದ ಎಂಬ ಮಾತು ಅವರ ಮನಸ್ಸಿನಲ್ಲಿ ಇನ್ನೊಂದು ದಿನವೂ ಇರಬಾರದು. ಅದು ನನಗೆ ಬಹಳ ಸಂಕಟ ಕೊಟ್ಟಿದೆ.

ಇನ್ನೊಂದು ಮಾತು. ಮನೆಯಲ್ಲಿ ಬಾಣಂತಿ ಇದ್ದಾಳೆಂದು ಕೇಳಿ ಡಾಕ್ಟರು, “ಅವರಿಗಾದ್ರೂ ನೀರು ಕೊಡ್ತಿದ್ದಾರಾ?” ಎಂದರು. ನಮ್ಮ ಕಡೆ ಬಾಣಂತಿಗೆ ಲೋಟ ಅಳೆದು ನೀರು ಕೊಡುವುದು, ಸೊಪ್ಪು ಮುಟ್ಟಿಸದೆ ಬರೀ ಅನ್ನ, ಮೆಣಸಿನ ಸಾರು ಬಡಿಸುವುದು ಅವರಿಗೂ ಗೊತ್ತು. ಹಾಲುಣಿಸುವ ತಾಯಿ ಬಾಯಾರಿದಾಗೆಲ್ಲ ಕುಡಿಯಬೇಕಂತೆ. ಅತ್ತೆಗೆ ಡಾಕ್ಟರೇ ಹೇಳಿದರು ಎಂದು ಹೇಳು. ಒಪ್ಪದಿದ್ದರೆ ಕದ್ದಾದರೂ ಕುಡಿ.

ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ. ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಅವಳು ನೂರು ಕಾಲ ನಗುನಗುತ್ತಾ ಬಾಳಲಿ.

ಇಂತಿ ನಿನ್ನ,
ಮನೋಹರ್

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಪೆನ್ನು ಹಿಡಿದಿದ್ದೇನೆ. ನಾನು ಬಾರದಿರಲು ನೋವು, ನಾಚಿಕೆ ಎಂದು ಮೇಲೆ ಬರೆದೆ. ಅದು ಅರ್ಧ ನಿಜ. ನಮ್ಮಮ್ಮ ಕ್ಯಾನ್ಸರಿನಿಂದ ಹೋದಳೆಂದು ನಿನಗೆ ಗೊತ್ತು. ಹೊಟ್ಟೆಯಲ್ಲಿ ಎಂದು ಎಲ್ಲರಿಗೂ ಹೇಳಿದೆವು. ಅದು ಹೊಟ್ಟೆಯಲ್ಲಲ್ಲ, ಇದೇ ಜಾಗದಲ್ಲಿ. ವರ್ಷಗಟ್ಟಲೆ ರಕ್ತ ಹೋಗುತ್ತಿತ್ತಂತೆ. ಅವಳು ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದುಕೊಂಡು, ನಾವು ಏಳುವ ಮೊದಲೇ ತನ್ನ ಸೀರೆ ತಾನೇ ಒಗೆದುಕೊಂಡು ಇದ್ದುಬಿಟ್ಟಳು. ನನಗೆ ಮೊದಲ ಸಲ ರಕ್ತ ಕಂಡ ವಾರವೇ ಮಗಳು ಹುಟ್ಟಿದ ಸುದ್ದಿ ಬಂತು. ಮಾವ ಫೋನಿನಲ್ಲಿ “ನಿಮ್ಮವ್ವನೇ ಬಂದವ್ಳೆ ಅಳಿಯಂದ್ರೇ” ಎಂದು ಕೂಗಿದರು. ನಾನೂ ಅಮ್ಮನ ಹಾಗೇ ಹೋಗುವವನು, ಮಗಳಿಗೆ ನನ್ನ ಕೈ ಯಾಕೆ ರೂಢಿ ಮಾಡಲಿ ಎಂದುಕೊಂಡೆ. ಅಮ್ಮನ ವಿಷಯ ಕೇಳಿದ ಮೇಲೆ ಡಾಕ್ಟರು ನನ್ನನ್ನು ಬೆಂಗಳೂರಿಗೆ ಕಳಿಸಿ ಒಳಗೆಲ್ಲ ಕ್ಯಾಮೆರಾ ಹಾಕಿಸಿ ನೋಡಿಸಿದರು. ಮೊನ್ನೆ ಶುಕ್ರವಾರ ರಿಪೋರ್ಟು ಬಂತು. ಅದಲ್ಲ ಭಾನು, ಅದು ಏನೂ ಇಲ್ಲ. ಬಸ್ಸಿನಲ್ಲಿ ಒಬ್ಬನೇ ನಿಂತು ಅತ್ತುಬಿಟ್ಟೆ.

ಮಾವ ಆ ದಿನ ಬಸ್ಸು ಹತ್ತುವಾಗ ಇನ್ನೊಂದು ಮಾತು ಹೇಳಿದರು. “ನಿಮ್ಮ ಯೋಚ್ನೇಲಿ ನನ್ ಮಗಳು ಸೊರಗೋಗವ್ಳೆ. ಕೂತ್ಕಂಡು ಮಗೀಗೆ ಹಾಲೂ ಕುಡ್ಸಕಿಲ್ಲ, ಗೋಡೆಗೆ ಒರಗಿ ನಿಂತ್ಕಂಡೇ ಕುಡಸ್ತಾಳೆ.” ಅವರು ಅದನ್ನು ಕೊರಗು ಎಂದುಕೊಂಡಿದ್ದಾರೆ. ಹೆರಿಗೆಯಾದವರಿಗೂ ಈ ಗಾಯ ಆಗುವುದುಂಟು ಅಂದರು ಡಾಕ್ಟರು. ಹೊಸ ಗಾಯಕ್ಕೆ ಕತ್ತರಿ ಬೇಕಾಗಿಲ್ಲವಂತೆ, ನೀರು, ಸೊಪ್ಪು, ಬಿಸಿನೀರಿನ ಟಬ್ಬು ಇಷ್ಟರಲ್ಲೇ ಬಹಳ ಮಟ್ಟಿಗೆ ಮಾಯುತ್ತದಂತೆ. ನಮ್ಮ ಮನೆಯಲ್ಲಿ ಅಮ್ಮನನ್ನು ಯಾರೂ ಕೇಳಲಿಲ್ಲ. ನಾನು ನಿನ್ನನ್ನು ಕೇಳುತ್ತಿದ್ದೇನೆ. ನಿನಗೂ ನೋಯುತ್ತಿದೆಯಾ?