ಕದ್ದ ಡೇ ಲಿಲ್ಲಿ

ಕೋಣಂದೂರು
ಸೋಮವಾರ

ವಾರಿಜಕ್ಕನಿಗೆ,

ಬಾಗಿಲು ತಟ್ಟಿದರೆ ನೀವು ತೆಗೆಯುವುದಿಲ್ಲ, ಫೋನೂ ಎತ್ತುವುದಿಲ್ಲ. ಅದಕ್ಕೆ ಇದನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಿದ್ದೇನೆ.

ನಡುವೆ ಕೆಂಪಿರುವ ಹಳದಿ ಡೇ ಲಿಲ್ಲಿಗಾಗಿ ತೀರ್ಥಹಳ್ಳಿಯ ನರ್ಸರಿಗಳನ್ನೆಲ್ಲ ಸುತ್ತಿದಿರಂತೆ. ಇನ್ನು ಸುತ್ತಬೇಡಿ.

ಧನ್ಯಳ ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನವೇ ಅವಳು ನೆಟ್ಟ ಗಿಡಗಳನ್ನೆಲ್ಲ ಕಿತ್ತು ಗೊಬ್ಬರಗುಂಡಿಗೆ ಎಸೆದಿರಿ. ನಾನು ಬೇಲಿಯ ಈಚೆ ನಿಂತು ನೋಡಿದೆ. ಮಗಳನ್ನು ಕಳೆದುಕೊಂಡವರ ಕೈ ಹಿಡಿದು ತಡೆಯುವ ಧೈರ್ಯ ನನಗೆ ಬರಲಿಲ್ಲ.

ಆ ಲಿಲ್ಲಿಯ ಒಂದು ಬುಡ ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿದೆ. ಹೋದ ವರ್ಷ ನಿಮ್ಮಲ್ಲಿಂದಲೇ ಕದ್ದದ್ದು. ಕೇಳಿ ತಂದ ಗಿಡ ಉಳಿಯುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂದು ನಂಬಿದವರಲ್ಲವೇ ನಾವೆಲ್ಲ? ಗುದ್ದಲಿ ಹಿಡಿದು ಬಂದಾಗ ಧನ್ಯ ಅಂಗಳದಲ್ಲೇ ಇದ್ದಳು. ನಕ್ಕು, ಗೋಡೆಯ ಕಡೆ ತಿರುಗಿ ನಿಂತಳು. "ನಾನೆಂತದೂ ನೋಡ್ಲಿಲ್ಲ ಚಿಕ್ಕಮ್ಮ, ಬೇಗ ಕಿತ್ಕೊಂಡು ಹೋಗಿ" ಅಂದಳು.

ಈಗ ಅದರಲ್ಲಿ ಐದು ಮರಿಗಳಿವೆ. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಬಾಡುತ್ತದೆ. ಅದನ್ನು ನೋಡಲಾರದೆ ಸಂಜೆ ಬಾವಿಯ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ನಾನಾಗಿ ತಂದುಕೊಟ್ಟರೆ ಗಿಡ ಉಳಿಯಲಿಕ್ಕಿಲ್ಲ. ನಾಳೆ ಬೆಳಿಗ್ಗೆ ನೀವೇ ಬನ್ನಿ. ಗೇಟು ತೆಗೆದಿರುತ್ತೇನೆ, ಗುದ್ದಲಿ ಬಾವಿಕಟ್ಟೆಯ ಮೇಲಿರುತ್ತದೆ. ಬೇರು ತುಂಡಾಗದ ಹಾಗೆ ಆಳಕ್ಕೆ ಅಗೆಯಿರಿ.

ನಾನು ಅಂಗಳದಲ್ಲೇ ಇರುತ್ತೇನೆ, ಗೋಡೆಯ ಕಡೆ ತಿರುಗಿ.

ಬೇಲಿಯಾಚೆಯ
ನಾಗವೇಣಿ