ಕೊಡದೆ ಉಳಿದ ಅರ್ಜಿ

ಬುಧವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ ಅಮ್ಮನ ಅಕ್ಕರೆ.

ಪಕ್ಕದ ಬೀದಿಯಲ್ಲೇ ಇದ್ದುಕೊಂಡು ಕಾಗದ ಬರೀತಾಳಲ್ಲ, ಇವಳಿಗೇನು ಬಂತು ಅಂತ ನಗಬೇಡ. ಎದುರಿಗೆ ಹೇಳಲಾರೆ. ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೊರಟುಬಿಡುತ್ತೇನೆ.

ಭಾನುವಾರ ನಿನ್ನ ಮನೆಗೆ ಬಂದಿದ್ದೆನಲ್ಲ, ಆಗ ನಿನ್ನ ಮಗಳು ಓದಿಗೆ ದುಡ್ಡು ಕೊಡುವ ಆ ವಿದ್ಯಾನೆರವು ಸಂಘದ ಅರ್ಜಿ ತಂದು ಮೇಜಿನ ಮೇಲಿಟ್ಟಳು. ನೀನು ತಲೆಯೆತ್ತದೆ, “ಅವೆಲ್ಲ ನಮ್ಮಂಥವರಿಗಲ್ಲ ಕಣೇ. ನನ್ನ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿದವರು ಅವರು” ಅಂದೆ. ಮಗು ಅರ್ಜಿ ಮಡಚಿಕೊಂಡು ಒಳಗೆ ಹೋಯಿತು.

ಪುಟ್ಟಿ, ಅವರು ನಿನ್ನ ಹೆಸರು ಹೊಡೆದುಹಾಕಲಿಲ್ಲ. ನಿನ್ನ ಅರ್ಜಿ ಅಲ್ಲಿಗೆ ಹೋಗಲೇ ಇಲ್ಲ.

ಬೇಕರಿಯ ಮೇಲಿನ ಮಹಡಿಗೆ ನಾವಿಬ್ಬರೂ ಶನಿವಾರ ಶನಿವಾರ ಹೋಗುತ್ತಿದ್ದದ್ದು ನೆನಪಿದೆಯಲ್ಲ? ಸಂಘ ನಡೆಸುತ್ತಿದ್ದ ಟೀಚರಮ್ಮ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಯಾವ ಕಾಲೇಜು, ಯಾವ ಹಾಸ್ಟೆಲು, ನಾಲ್ಕು ವರ್ಷಕ್ಕೆ ಎಷ್ಟು ಬೇಕು, ಸಂಘ ಎಷ್ಟು ಕೊಡುತ್ತದೆ ಅಂತ ಒಂದೊಂದೇ ಬಿಡಿಸಿ ಹೇಳುತ್ತಿದ್ದರು. ನೀನು ಫಾರ್ಮಸಿ ಓದ್ತೀನಿ ಅಂದಾಗ, “ಹುಡುಗಿಗೆ ಏನು ಬೇಕು ಅಂತ ಗೊತ್ತಿದೆ, ಅರ್ಧ ಕೆಲಸ ಆಯ್ತು” ಅಂದಿದ್ದರು. ನಾನು ಉಬ್ಬಿಹೋಗಿದ್ದೆ. ಮನೆಗೆ ಬಂದು ಅರ್ಜಿಯ ಮೂರನೇ ಪುಟ ನೋಡಿದೆ. ತಂದೆಯ ಸಹಿ ಬೇಕಿತ್ತು.

ನಿನ್ನಪ್ಪ ಹಡಗಿನ ಕೆಲಸದಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಬಸ್ ನಿಲ್ದಾಣದ ಆಚೆ ಅವನು ಬೇರೆ ಸಂಸಾರ ಹೂಡಿದ್ದ; ನಿನಗೇ ಅದು ಗೊತ್ತಾದದ್ದು ನಿನ್ನ ಮದುವೆಯಾದ ಮೇಲೆ. ಅರ್ಜಿ ಹಿಡಿದುಕೊಂಡು ಅವನ ಮನೆ ತನಕ ಹೋದೆ. ಹೊಸ್ತಿಲ ಹೊರಗೆ ಎರಡು ಜೊತೆ ಪುಟ್ಟ ಚಪ್ಪಲಿ ಇದ್ದವು. ಬಾಗಿಲು ತಟ್ಟಲು ಕೈ ಬರಲಿಲ್ಲ.

ಅಷ್ಟೇ ಆಗಿದ್ದರೆ ಕ್ಷಮಿಸು ಅನ್ನಬಹುದಿತ್ತು. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಟೀಚರಮ್ಮ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಗೇ ಹುಡುಕಿಕೊಂಡು ಬಂದರು. ಇಸ್ತ್ರಿಯ ಹಬೆಗೆ ಮಸುಕಾದ ಕನ್ನಡಕ ಒರೆಸಿಕೊಳ್ಳುತ್ತಾ, “ತಂದೆ ಜೊತೆಗಿಲ್ಲದಿದ್ದರೆ ಹಾಗಂತ ಒಂದು ಸಾಲು ಬರೆದುಕೊಡಿ ಸಾಕು, ಯಾರೂ ಏನೂ ಕೇಳಲ್ಲ” ಅಂದರು. ಜೊತೆಯ ಹೆಂಗಸರು ಬೆಡ್‌ಶೀಟು ಮಡಚುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗಳಿಗೆ ಓದುವ ಮನಸ್ಸಿಲ್ಲ ಬಿಡಿ ಅಂದುಬಿಟ್ಟೆ. ಅವಳೇ ಹೇಳಿದಳಾ ಅಂತ ಕೇಳಿದರು. ಹೌದು ಅಂದೆ.

ನಿನಗೆ ಅರ್ಜಿ ಕೊಟ್ಟಾಯಿತು ಅಂದೆ; ತಿಂಗಳಾದ ಮೇಲೆ ಒಂದು ಸಂಜೆ, ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂದೆ. “ಹೋಗ್ಲಿ ಬಿಡಮ್ಮ, ನೀನು ಬೇಜಾರು ಮಾಡ್ಕೋಬೇಡ” ಅಂತ ನೀನೇ ನನ್ನನ್ನು ಸಮಾಧಾನ ಮಾಡಿದೆ.

ಇಪ್ಪತ್ತೊಂದು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೀಯ. ಡಾಕ್ಟರ ಗೀಚು ಬರಹ ಓದಲಾಗದೆ ಮಾಲೀಕ ನಿನ್ನನ್ನೇ ಕರೆಯುತ್ತಾನೆ. ಗೋಡೆಯ ಮೇಲಿನ ಲೈಸೆನ್ಸಿನಲ್ಲಿ ಮಾತ್ರ ಅವನ ಹೆಸರು. ನಾನು ಬಿ.ಪಿ. ಮಾತ್ರೆಗೆ ಬಂದಾಗಲೆಲ್ಲ ನೆಲ ನೋಡಿಕೊಂಡೇ ನಿಲ್ಲುತ್ತೇನೆ. ಯಾಕಮ್ಮಾ, ಸುಸ್ತಾ ಅಂತ ನೀನು ಸ್ಟೂಲು ಎಳೆದುಕೊಡುತ್ತೀಯ.

ನನ್ನನ್ನು ಬೈಯಿ, ಮಾತು ಬಿಡು, ಸಹಿಸಿಕೊಳ್ಳುತ್ತೇನೆ. ನನ್ನ ಸುಳ್ಳನ್ನು ನಂಬಿಕೊಂಡು ಆ ಮಗುವಿಗೆ ಅಡ್ಡ ನಿಲ್ಲಬೇಡ. ಶನಿವಾರ ಕೊನೆಯ ದಿನ. ನೀನೇ ಕರೆದುಕೊಂಡು ಹೋಗು.

ಯಾವ ಮುಖವಿಟ್ಟುಕೊಂಡು ಸಹಿ ಹಾಕಲೋ ತಿಳಿಯದ,
ನಿನ್ನ ಅಮ್ಮ

ತಾ.ಕ.: ದಿನಾಂಕ ವಿಚಾರಿಸಲು ನಿನ್ನೆ ನಾನೇ ಆ ಮಹಡಿ ಹತ್ತಿದ್ದೆ. ಟೀಚರಮ್ಮ ಈಗಲೂ ಇದ್ದಾರೆ, ಕಿವಿ ಸ್ವಲ್ಪ ಮಂದ. ಗುರುತು ಹಿಡಿದು, ನಿಮ್ಮ ಮಗಳು ಆಮೇಲಾದರೂ ಓದಿದಳಾ ಅಂತ ಕೇಳಿದರು. ಓದಿದಳು, ಫಾರ್ಮಸಿಸ್ಟ್ ಆಗಿದ್ದಾಳೆ ಅಂದೆ. ಸಂತೋಷ ತಡೆಯಲಾರದೆ ಪಕ್ಕದ ಕೋಣೆಯವರನ್ನೆಲ್ಲ ಕರೆದು ಹೇಳಿದರು. ನೀನು ಹೋದಾಗ ನಿಜ ಹೇಳಿಬಿಡು. ನನ್ನಿಂದ ಆಗಲಿಲ್ಲ.