ಐಡಾ ಮೇಡಂ ಹೊಲಿದ ಕೌದಿ

ಜನವರಿ 22, ಸೋಮವಾರ, ಬೆಳಿಗ್ಗೆ 7

ಆರು ಸೂಜಿಗೆ ದಾರ ಪೋಣಿಸಿ ಕೊಟ್ಟು ಬಂದೆ. ಐಡಾ ಮೇಡಂಗೆ ತೊಂಬತ್ತೊಂದು. ಕಣ್ಣು ಮಂಜು, ಬೆರಳು ಮಾತ್ರ ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧದ ನಂತರದ ನ್ಯೂಯಾರ್ಕಿನಲ್ಲಿ ಡಾಂಬರಿನಿಂದ ಚಿತ್ರ ಬರೆದವರು, ಕ್ಯಾನ್ವಾಸ್ ಸುಟ್ಟು ಆ ತೂತುಗಳಿಗೇ ಚೌಕಟ್ಟು ಹಾಕಿದವರು. ಹೆಸರು ಬಂದ ವರ್ಷವೇ ಎಲ್ಲ ಬಿಟ್ಟರು. ಮೂವತ್ತು ವರ್ಷದಿಂದ ಕಡಲಾಚೆಯ ಈ ಕಸರಾನಿ ಬಡಾವಣೆಯಲ್ಲಿ, ನಮ್ಮ ಜಯಾ ದೊಡ್ಡಮ್ಮನ ಔಟ್‌ಹೌಸಿನಲ್ಲಿ. ಒಂದೇ ಕೆಲಸ — ಹಳೆಯ ಬೆಡ್‌ಶೀಟು, ಬಟ್ಟೆ ಚೂರು, ದಿನಕ್ಕೊಂದು ಸಾಲು ಹೊಲಿಗೆ. ಆ ಕೌದಿಯನ್ನೇ ಹೊದ್ದು ಮಲಗುತ್ತಾರೆ.

ಆಗ ಅವರು ಹಂಚಿದ್ದ ಪಾಂಪ್ಲೆಟ್ಟು ಹದಿನಾಲ್ಕೂ ಓದಿದ್ದೇನೆ. ಮ್ಯೂಸಿಯಂ ಎಂದರೆ ಶವಾಗಾರ. ಮಾಡಿದವರ ಜೊತೆಗೇ ಕೆಲಸವೂ ಸಾಯಬೇಕು. ಮೈಸೂರಿನ ಕಾಲೇಜಿನಲ್ಲಿ ಇಷ್ಟು ಸತ್ಯವಾದ ಮಾತು ಒಂದೂ ಕೇಳಲಿಲ್ಲ.

ಇವತ್ತು ಹೇಳಿದರು, "ನಾನು ಹೋದ ಮೇಲೆ ಇದನ್ನು ನೀನೇ ಸುಡಬೇಕು."

"ಖಂಡಿತ."

"ಅಷ್ಟು ಬೇಗ ಖಂಡಿತ ಅನ್ನಬೇಡ. ಸೂಜಿ ಕೊಡು."

ಫೆಬ್ರವರಿ 3, ಶನಿವಾರ

ಹೋದರು. ಚಹಾ ತೆಗೆದುಕೊಂಡು ಹೋದಾಗ ಗೊತ್ತಾಯಿತು. ಚಹಾ ನಾನೇ ಕುಡಿದೆ.

ಫೆಬ್ರವರಿ 5

ದಹನ ಆಯಿತು. ಅತ್ತವರು ದೊಡ್ಡಮ್ಮ ಒಬ್ಬರೇ. ಔಟ್‌ಹೌಸಿಗೆ ಹೋಗಿ ಬೆಂಕಿಪೊಟ್ಟಣ ಹಿಡಿದು ಕೂತೆ. ಒಂದು ಗಂಟೆ. ಬಾಗಿಲು ಎಳೆದುಕೊಂಡು ಬಂದೆ.

ಫೆಬ್ರವರಿ 8

ಮತ್ತೆ ಆಗಲಿಲ್ಲ. ಒಂದು ಮೂಲೆಯಲ್ಲಿ ನಾನು ಆರಿಸಿ ಕೊಟ್ಟ ಹಸಿರು ದಾರವಿದೆ... ಅಮೆರಿಕದ ಒಂದು ಮ್ಯೂಸಿಯಂಗೆ ಫೋಟೋ ಕಳಿಸಿದೆ. ಇಪ್ಪತ್ತು ನಿಮಿಷಕ್ಕೇ ಉತ್ತರ ಬಂತು. ಬಂದು ತೆಗೆದುಕೊಂಡು ಹೋಗುತ್ತಾರಂತೆ. ಪಾಂಪ್ಲೆಟ್ಟುಗಳನ್ನು ಮಂಚದ ಕೆಳಗೆ ತಳ್ಳಿದೆ. ಯಾರಿಗೂ ಹೇಳಿಲ್ಲ.

ಫೆಬ್ರವರಿ 13, ಮಂಗಳವಾರ

ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ, ವಿಮಾನದಲ್ಲಿ ಕಳಿಸಲು ಏನೇನು ಕಾಗದಪತ್ರ ಬೇಕು ಎಂದು ಕೇಳಲು. ಎರಡು ಮಟಾಟು ವ್ಯಾನು ಬದಲಿಸಿ ವಾಪಸು. ಔಟ್‌ಹೌಸಿನ ಬಾಗಿಲು ತೆರೆದಿತ್ತು. ನೆಲ ಒದ್ದೆ. ಮಂಚ ಖಾಲಿ.

ದೊಡ್ಡಮ್ಮ ಬಕೆಟ್ ಹಿಡಿದು ನಿಂತಿದ್ದರು. "ಹನ್ನೊಂದನೇ ದಿನ ಕಣೆ. ಸತ್ತವರ ಹಾಸಿಗೆ ಹೊದಿಕೆ ಇಟ್ಕೋಬಾರ್ದು. ನಮಗೇನು ಸೂತಕ ಇಲ್ಲ. ಆದ್ರೆ ಪಾಪ, ಅವರಿಗೆ ಮಾಡೋರು ಯಾರಿದ್ದಾರೆ ಹೇಳು."

"ಕೌದಿ?"

"ಹಿತ್ತಲಲ್ಲಿ ಸುಟ್ಟೆ. ಅದೇನ್ ಹೊಲಿಗೆ ಹಾಕಿದ್ರೋ, ಬೆಂಕಿ ಹತ್ಕೊಳ್ಳೋಕೇ ಅರ್ಧ ಗಂಟೆ. ನೀನೂ ಸ್ನಾನ ಮಾಡ್ಬಿಡು, ಸಾರು ಬಿಸಿ ಇದೆ."

ಸ್ನಾನ ಮಾಡಿದೆ. ಊಟ ಮಾಡಿದೆ.

ಫೆಬ್ರವರಿ 15, ಗುರುವಾರ

ಮ್ಯೂಸಿಯಂನವರೊಬ್ಬರು ಗಿಗಿರಿಯ ಹೋಟೆಲಿನಿಂದ ಕಾರಿನಲ್ಲಿ ಬಂದರು. ಬಿಳಿ ಗ್ಲೌಸ್ ತಂದಿದ್ದರು. ಸುಟ್ಟುಹೋಯಿತು ಎಂದೆ. ಬೂದಿಯಾದರೂ ಇದೆಯೇ ಎಂದರು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನೀರಿಗೆ ಬಿಟ್ಟು ಬಂದೆ ಅಂತ ಹೇಳು. ಅದನ್ನೂ ಇಟ್ಕೋತಾರಾ ಯಾರಾದ್ರೂ?"

ನ್ಯೂಯಾರ್ಕ್ ಬಿಟ್ಟ ಮೇಲೆ ಐಡಾ ಮಾಡಿದ್ದು ಅದೊಂದೇ ಕೆಲಸ ಎಂದರು ಮ್ಯೂಸಿಯಂನವರು. ಮೆತ್ತಗೇ ಹೇಳಿದರು. ದೊಡ್ಡಮ್ಮ ಕೈಯಿಂದ ತಡವಿ ಕುರ್ಚಿ ಹುಡುಕಿಕೊಂಡು ಕೂತರು.

ನಾನು ಗೇಟಿನವರೆಗೆ ಹೋಗಿ ಅವರನ್ನು ಕಳಿಸಿ ಬಂದೆ.

ಫೆಬ್ರವರಿ 18, ಭಾನುವಾರ, ಬೆಳಿಗ್ಗೆ 10

ಮೂರು ದಿನದಿಂದ ದೊಡ್ಡಮ್ಮ ಸರಿಯಾಗಿ ಉಂಡಿಲ್ಲ. "ಮೂವತ್ತು ವರ್ಷ ಹೊಲಿದದ್ದು ಕಣೆ ವರ್ಷಿಣಿ. ನಿನ್ನ ಒಂದ್ ಮಾತು ಕೇಳ್ಬಹುದಿತ್ತು ನಾನು."

ಮೇಡಂ ಬಯಸಿದ್ದನ್ನು ಮಾಡಿದವರು ಇವರೊಬ್ಬರೇ. ಅಷ್ಟು ಹೇಳಿದರೆ ಸಾಕು, ಉಣ್ಣುತ್ತಾರೆ. ಹೇಳಿದರೆ ಮುಂದಿನ ಪ್ರಶ್ನೆ — ಹಾಗಾದರೆ ಆ ಮನುಷ್ಯನನ್ನು ಕರೆಸಿದ್ದು ಯಾರು.

ಇದನ್ನು ಬರೆಯುತ್ತಿರುವಾಗಲೇ ಒಳಗೆ ಬಂದರು. "ಆ ಮ್ಯೂಸಿಯಂನವರಿಗೊಂದು ಕ್ಷಮಾಪಣೆ ಪತ್ರ ಬರ್ಕೊಡು. ಇಂಗ್ಲಿಷಲ್ಲಿ, ಚೆನ್ನಾಗಿ. ಸೈನ್ ನಾನ್ ಹಾಕ್ತೀನಿ."

ಸ್ಟೂಲ್ ಎಳೆದು ಪಕ್ಕದಲ್ಲೇ ಕೂತಿದ್ದಾರೆ. ನಾನು ಬರೆಯುತ್ತಿರುವುದು ಆ ಪತ್ರವೇ ಅಂದುಕೊಂಡು ಹೇಳಲು ಶುರು ಮಾಡಿದ್ದಾರೆ. "ಡಿಯರ್ ಸರ್... ತಪ್ಪು ಪೂರ್ತಿ ನಂದೇ..."

ದೊಡ್ಡಮ್ಮ, ಅಂದೆ. ತಪ್ಪು ನಿಮ್ದಲ್ಲ, ಅವರನ್ನ ಕರೆಸಿದ್ದು...